ಗುಡ್ಡಕ್ಕೆಂದು ಊಟ, ಉಂಡವರಿಗೆ ದಕ್ಷಿಣೆ

ಒಂದು ಕೇಳ್ತೇನೆ, ಸುಳ್ಳು ಹೇಳ್ಬೇಡಿ. ಒಳ್ಳೆ ಕೆಲಸಕ್ಕೆ ಅಂತ ನಾಲ್ಕು ಕಾಸು ಸೇರಿಸ್ಲಿಕ್ಕೆ ಹೋಗಿ, ಡಬ್ಬಿಯಲ್ಲಿ ಇದ್ದದ್ದನ್ನೂ ಹಂಚಿ, ಖಾಲಿ ಕೈ ಬೀಸಿಕೊಂಡು ಮನೆಗೆ ಬಂದದ್ದು ಉಂಟಾ ನಿಮಗೆ? ಬಂದವರ ಹೊಟ್ಟೆ ತುಂಬಿಸಿ, ಅದರ ಮೇಲೆ ಅವರ ಕೈಗೆ ನಾವೇ ದುಡ್ಡು ಇಟ್ಟು, "ಪುನಃ ಬನ್ನಿ ಆಯ್ತಾ" ಅಂತ ಕಳಿಸಿದ್ದು? ನನಗೆ ಉಂಟು. ಸುಮಾರು ವರ್ಷದ ಹಿಂದಿನ ಮಾತು. ಆಗ ಹೇಳ್ಲಿಕ್ಕೆ ನಾಚಿಕೆ ಆಗ್ತಿತ್ತು. ಈಗ ವಯಸ್ಸು ಐವತ್ತರ ಹತ್ರ ಬಂತು, ನಾಚಿಕೆ ಎಲ್ಲ ಮೊಣಕಾಲಿನ ಒಟ್ಟಿಗೇ ಸವೆದು ಹೋಗಿದೆ. ಹಾಗಾಗಿ ಹೇಳಿಬಿಡ್ತೇನೆ.

ದುಡ್ಡು ಎತ್ತುವವರು ಅಂದ್ರೆ ನಮ್ಮ ಕಡೆ ಹೊಸತೇನಲ್ಲ. ಖಾರ್ಘರ್‌ನ ನಮ್ಮ ಬಿಲ್ಡಿಂಗಿನಲ್ಲಿ ಬೆಲ್ ಆಯ್ತು ಅಂದ್ರೆ ಒಂದೋ ಹಾಲಿನವ, ಇಲ್ಲಾ ರಸೀದಿ ಪುಸ್ತಕದವ. ಗಣಪತಿಗೆ ವರ್ಗಣಿ, ಅಂದ್ರೆ ಚಂದಾ, ದಹಿಹಂಡಿಗೆ ವರ್ಗಣಿ, ನವರಾತ್ರಿಗೆ ವರ್ಗಣಿ. ಒಮ್ಮೆ ಲಿಫ್ಟಿಗೆ ಹೊಸ ಕನ್ನಡಿ ಹಾಕ್ಲಿಕ್ಕೂ ವರ್ಗಣಿ ಎತ್ತಿದ್ರು, ಕನ್ನಡಿ ಬಂದ ಮೇಲೆ ಎಲ್ಲರೂ ಅದರಲ್ಲಿ ತಲೆ ಬಾಚಿಕೊಂಡು ನಿಂತು ಲಿಫ್ಟು ಹೋಗುದೇ ನಿಧಾನ ಆಯ್ತು, ಆ ಕಥೆ ಬೇರೆ. ನಾನು ಬಾಗಿಲಿನ ಸಣ್ಣ ತೂತಿನಲ್ಲಿ ನೋಡಿ, ಮಿಕ್ಸಿ ಆಫ್ ಮಾಡಿ, ಉಸಿರು ಹಿಡಿದು, ಮನೆಯಲ್ಲಿ ಯಾರೂ ಇಲ್ಲ ಅಂತ ನಟಿಸುವುದರಲ್ಲಿ ಪಳಗಿದವಳು. ಆ ದಿನ ಯಾಕೆ ಸಿಕ್ಕಿಬಿದ್ದೆ ಅಂದ್ರೆ, ಒಗ್ಗರಣೆಗೆ ಕೆಮ್ಮು ಬಂತು. ಹೊರಗಿಂದ ಸುಲಭಾ ಕಾಕು, "ಕೆಮ್ಮು ಕೇಳಿಸ್ತು, ಬಾಗಿಲು ತೆಗಿ" ಅಂದ್ರು.

ಸುಲಭಾ ಕಾಕು ನಾಲ್ಕನೇ ಮಾಳಿಗೆಯವರು. ಮರಾಠಿಯವರು, ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ರಿಟೈರ್ ಆದವರು. ಸೀಟಿ ಬಿಟ್ಟು ವರ್ಷಗಳಾದ್ರೂ ದನಿ ಇನ್ನೂ ಸೀಟಿಯದ್ದೇ. ನಮ್ಮ ಬಿಲ್ಡಿಂಗಿನ ಹಿಂದಿರುವ ಗುಡ್ಡವನ್ನು ನೋಡಿಕೊಳ್ಳುವ ಒಂದು ಗುಂಪು ಕಟ್ಟಿದ್ರು. ಗುಂಪು ಅಂದ್ರೆ ಅವರ ಹಾಗೆಯೇ ಐದಾರು ಜನ ರಿಟೈರ್ ಆದವರು, ಒಬ್ಬೊಬ್ಬರಿಗೂ ಸ್ವಂತ ಮೊಣಕಾಲು ನೋವು. ಮಳೆಗಾಲದಲ್ಲಿ ಇಳಿಜಾರಿನ ಮೇಲೆ ಸಸಿ ನೆಡುದು, ಬೇಸಿಗೆಯಲ್ಲಿ ಕಾಯುದು. ನಾನು ಮುಖಕ್ಕೇ ಕೇಳಿದೆ, "ಕಾಕು, ಗುಡ್ಡ ಎಲ್ಲಿಗೂ ಓಡಿ ಹೋಗುದಿಲ್ಲ, ಅದನ್ನು ಉಳಿಸುದು ಎಂತಕ್ಕೆ?" ಅವರು ನನ್ನ ಕೈ ಹಿಡಿದು ಸೀದಾ ಅಡುಗೆಮನೆಯ ಕಿಟಕಿಗೆ ಕರ್ಕೊಂಡು ಹೋದ್ರು. "ಆ ಕಂದು ಬಣ್ಣ ಕಾಣ್ತದಲ್ಲ, ಅದು ಮಣ್ಣಲ್ಲ, ಒಣಗಿದ ಹುಲ್ಲು. ಹೋಳಿಯ ಹೊತ್ತಿಗೆ ಯಾವನಾದ್ರೂ ಒಬ್ಬ ಬೀಡಿ ಎಸೀತಾನೆ, ಇಡೀ ಗುಡ್ಡ ಕಪ್ಪಾಗ್ತದೆ. ಎರಡು ಸಲ ನೆಟ್ಟೆವು, ಎರಡು ಸಲವೂ ಸುಟ್ಟಿತು. ಈ ಸಲ ಸಸಿ ಸೊಂಟದ ತನಕ ಬಂದಿದೆ. ಸುತ್ತ ಅಗಲಕ್ಕೆ ಹುಲ್ಲು ಕೊಯ್ದು ಬಯಲು ಮಾಡಿದ್ರೆ ಬೆಂಕಿ ಅಲ್ಲೇ ನಿಲ್ತದೆ. ಅದಕ್ಕೆ ಬೆಳಿಗ್ಗೆ ಕೂಲಿಯವರು ನಿಲ್ಲುವ ನಾಕಾದಿಂದ ಜನ ತರ್ಬೇಕು." ಮತ್ತೆ ಗ್ಯಾಸ್ ಮುಗೀತು ಅನ್ನುವಷ್ಟು ತಣ್ಣಗೆ ಹೇಳಿದ್ರು, "ಈ ಸಲವೂ ಸುಟ್ಟರೆ ನಾನು ಬಿಟ್ಟೆ. ಇನ್ನು ಆ ಕಡೆ ಮುಖ ಹಾಕುದಿಲ್ಲ."

ಅವರ ಆ ಸ್ವರ ನನಗೆ ಹಿಡಿಸಲಿಲ್ಲ. ಜೋರು ಮಾಡುವ ಮನುಷ್ಯರು ತಣ್ಣಗೆ ಮಾತಾಡಿದ್ರೆ ನನಗೆ ಹೆದರಿಕೆ. ಹಾಗಾಗಿ ನಾನೂ ಗುಂಪಿಗೆ ಸೇರಿದೆ. ಗುಡ್ಡ ಹತ್ತುವ ಗುಂಪಿಗಲ್ಲ, ದುಡ್ಡು ಎತ್ತುವ ಗುಂಪಿಗೆ.

ಮೊದಲು ಹೌಸಿ, ಅದೇ ನಂಬರಿನ ತಂಬೋಲಾ ಆಟ, ಆಡಿಸಿದೆವು. ಹೌಸಿ ಕರೆಯುತ್ತಿದ್ದ ಕಾಕಾನ ಹೆಂಡತಿಗೇ ಮೂರು ಬಹುಮಾನ ಬಂತು, ಆ ನಂತರ ಜನರ ಬಾಯಿಗೆ ಹೆದರಿ ಆ ಗಂಡ ಹೆಂಡತಿ ಒಟ್ಟಿಗೆ ವಾಕಿಂಗ್ ಹೋಗುದನ್ನೇ ಬಿಟ್ರು. ಆಮೇಲೆ ಕರಾವೊಕೆ ಸಂಜೆ. ಹಾಡುವವರು ತುಂಬಾ ಬಂದ್ರು, ಕೇಳುವವರು ಇಲ್ಲ. ತಮ್ಮ ಹಾಡು ಮುಗಿದ ಕೂಡ್ಲೇ ಒಬ್ಬೊಬ್ಬರೇ ಚಪ್ಪಲಿ ಹಾಕಿಕೊಂಡು ಹೊರಟರು, ಕೊನೆಗೆ ಹಾಡಿದವರಿಗೆ ಚಪ್ಪಾಳೆ ತಟ್ಟಿದ್ದು ಮೈಕಿನವ. ಹಳೆ ಸೀರೆಯ ಮಾರಾಟವನ್ನೂ ಮಾಡಿದೆವು. ಮೂರನೇ ಮಾಳಿಗೆಯ ಗಂಗಕ್ಕ ನನ್ನ ಸೀರೆ ತಗೊಂಡ್ಳು, ನಾನು ಅವಳದ್ದು ತಗೊಂಡೆ. ಗಂಗಕ್ಕ ಧಾರವಾಡದ ಕಡೆಯವಳು, ಮುಚ್ಚುಮರೆ ಇಲ್ಲ. "ವೈನಿ, ನಿಮ್ಮ ಸೀರಿ ಒಂದ ಸಲ ಒಗೆದ್ರ ಪರದಿ ಆತ್ರಿ, ನೀವು ಹೆಂಗ ಉಡತಿದ್ರಿ ಇದನ್ನ?" ಅಂದ್ಳು. ಅವಳದ್ದು ನಾನು ಒಗೆಯುವ ಧೈರ್ಯವನ್ನೇ ಮಾಡ್ಲಿಲ್ಲ. ಬಂದ ದುಡ್ಡು ಆ ಮೀಟಿಂಗುಗಳ ಚಾಕ್ಕೆ ಸರಿಯಾಯ್ತು. ಜನವರಿ ಮುಗಿಯುತ್ತಾ ಬಂತು, ಕಿಟಕಿಯ ಹೊರಗೆ ಗುಡ್ಡ ದಿನದಿಂದ ದಿನಕ್ಕೆ ಒಣಗ್ತಾ ಉಂಟು. ಕಾಕು ಮೀಟಿಂಗಿನಲ್ಲಿ ಬಾಯಿ ಬಿಡುದೇ ಕಮ್ಮಿ ಆಯ್ತು. ಆಗ ನಾನು ಎದ್ದು ನಿಂತು ಹೇಳಿದೆ, "ಊಟ ಮಾಡಿಸುವ. ಕೂಪನ್ ಇಟ್ಟು ಊಟ. ಅದು ನಮಗೆ ಬಿಡಿ, ಉಡುಪಿಯವರು ನಾವು. ಊಟ ಹಾಕಿ ದುಡ್ಡು ಮಾಡುದನ್ನು ನಮಗೆ ಹೇಳಿಕೊಡ್ಬೇಕಾ?"

ನಾನು ಹಾಗೆ ಎದೆ ತಟ್ಟಿ ಹೇಳಿದ್ದು ನಮ್ಮ ಇವರನ್ನು ನಂಬಿ. ಇವರು ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನ ಹತ್ರ ಒಂದು ಉಡುಪಿ ಹೋಟೆಲಿನ ಮೆನೇಜರ್, ಗಲ್ಲಾದಲ್ಲಿ ಕೂತೇ ತಲೆಗೂದಲು ಬೆಳ್ಳಗಾದದ್ದು. ಲಾರಿಯವರು, ಹಮಾಲರು, ಸೇಠ್‌ಗಳು, ಯಾರೇ ಬರಲಿ, ಒಂದು ಇಡ್ಲಿಯ ಲೆಕ್ಕ ತಪ್ಪುದಿಲ್ಲ. ಒಮ್ಮೆ ನನ್ನ ಸ್ವಂತ ಅಣ್ಣ ಊರಿಂದ ಬಂದವ ಪ್ರೀತಿಯಲ್ಲಿ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದ. ಇವರು ಅವನಿಗೆ ಬಿಲ್ಲು ಕೊಟ್ಟರು. ಅವನು ನಗಾಡಿದ, ತಮಾಷೆ ಅಂತ ಎಣಿಸಿ. ಇವರು ನಗಾಡಲಿಲ್ಲ. "ಭಾವ, ಎಕ್ಸ್‌ಟ್ರಾ ಚಟ್ನಿಯದ್ದು ಹಾಕಲಿಲ್ಲ, ಅದು ನನ್ನ ಲೆಕ್ಕ" ಅಂದರಂತೆ. ಅಣ್ಣ ಇವತ್ತಿಗೂ ಅದನ್ನು ಮದುವೆ ಮನೆಗಳಲ್ಲಿ ಹೇಳಿಕೊಂಡು ತಿರುಗ್ತಾನೆ. ಇಂಥ ಮನುಷ್ಯ ಬಾಗಿಲಲ್ಲಿ ಕೂಪನ್ ಹಿಡಿದು ಕೂತ್ರೆ ಒಂದು ನೊಣವೂ ಪುಕ್ಕಟೆ ಒಳಗೆ ಹೋಗ್ಲಿಕ್ಕಿಲ್ಲ ಅಂತ ನನ್ನ ಲೆಕ್ಕ.

ಮಗಳು ರಶ್ಮಿ ಆಗ ಕಾಲೇಜು. ಕನ್ನಡ ಎಲ್ಲ ಅರ್ಥ ಆಗ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಮಮ್ಮಿ, ಬುಫೆ ರಖೋ. ಕೂಪನ್ ದೋ, ಪ್ಲೇಟ್ ಲೋ, ಖತಮ್" ಅಂದ್ಳು. ನಾನು ಒಪ್ಪಲಿಲ್ಲ. ಕೈಯಲ್ಲಿ ತಟ್ಟೆ ಹಿಡಿದು ನಿಂತುಕೊಂಡು ತಿನ್ನುದನ್ನು ನಾನು ಊಟ ಅಂತ ಲೆಕ್ಕಕ್ಕೇ ಹಿಡಿಯುದಿಲ್ಲ. ಬಾಳೆ ಎಲೆ ಹಾಕಿ, ಪಂಕ್ತಿಯಲ್ಲಿ ಕೂರಿಸಿ, ಕೋಸಂಬರಿಯಿಂದ ಪಾಯಸದ ತನಕ ಬಡಿಸ್ಬೇಕು, ಮರಾಠಿ ಗುಜರಾತಿಯವರೆಲ್ಲ ಬಾಯಿ ಬಿಟ್ಟು ನೋಡ್ಬೇಕು, ಅದು ನನ್ನ ಆಸೆ. ಇವರು ಹೋಟೆಲಿನ ದೊಡ್ಡ ಅಡುಗೆಯ ಭಟ್ರನ್ನು ಕೇಳಿದ್ರು. ಭಟ್ರು, "ಎಲೆ ಊಟವಾ? ಹಾಗಾದ್ರೆ ಸಂಬಳ ಬೇಡ, ಬರ್ತೇನೆ" ಅಂದ್ರು. ಅವರು ಅಷ್ಟು ಸುಲಭದಲ್ಲಿ ಒಪ್ಪಿದಾಗಲೇ ನನಗೆ ಎಚ್ಚರ ಆಗ್ಬೇಕಿತ್ತು.

ಆದಿತ್ಯವಾರ ಸೊಸಾಯ್ಟಿಯ ಹಾಲ್‌ನಲ್ಲಿ ಊಟ. ಬಾಗಿಲಿಗೆ ರಂಗೋಲಿ ಹಾಕಿದ್ದು ಗಂಗಕ್ಕ. ಮಾವಿನ ತೋರಣ ನಾನು ಕಟ್ಟಿದೆ. ಬಡಿಸುವವರೆಲ್ಲ ಪಂಚೆ ಉಟ್ಟು, ಹೆಗಲಿಗೆ ಬೈರಾಸು. ಇವರು ಬಾಗಿಲಲ್ಲಿ ಟೇಬಲ್ ಹಾಕಿ, ಕೂಪನ್ ಕಟ್ಟು, ದುಡ್ಡಿನ ಡಬ್ಬಿ, ಚಿಲ್ಲರೆಗೆ ಬೇಕು ಅಂತ ಹತ್ತು ರೂಪಾಯಿಯ ಹೊಸ ನೋಟಿನ ಕಟ್ಟು, ಎಲ್ಲ ಇಟ್ಟು ಗಲ್ಲಾದ ಮುಖ ಮಾಡಿ ಕೂತ್ರು. ಮೊದಲು ಬಂದದ್ದು ಬೇಲಾಪುರದಿಂದ ನಮ್ಮೂರಿನ ಕಡೆಯ ಮುದಿ ದಂಪತಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ತೋರಣ, ರಂಗೋಲಿ, ಎಲೆ ನೋಡಿ ಅವರಿಗೆ ಇದು ಯಾರದ್ದೋ ಮನೆಯ ಶುಭಕಾರ್ಯ. ಇವರು ಎದ್ದು ನಿಂತು ಎರಡೂ ಕೈ ಮುಗಿದು, "ಬನ್ನಿ ಬನ್ನಿ, ಎಲೆ ಹಾಕಿಯಾಗಿದೆ, ಕೂತ್ಕೊಳ್ಳಿ" ಅಂದ್ರು. ನಾನು ಅಡುಗೆಯ ಬದಿಯಿಂದ ನೋಡ್ತಾ ಇದ್ದೇನೆ. ಕೂಪನ್ ಕಟ್ಟು ಟೇಬಲಿನ ಮೇಲೆ ಹಾಗೇ ಉಂಟು.

ಓಡಿ ಬಂದೆ. "ಕೇಳಿತಾ, ಕೂಪನ್ ಕೊಡ್ಲಿಲ್ಲ ನೀವು."

"ಎಲೆ ಮುಂದೆ ಕೂತಾಯ್ತಲ್ಲ ಮಾರಾಯ್ತಿ."

"ಕೂತ್ರೆ ಎಂತಾಯ್ತು, ಕೇಳಿ."

ಇವರು ನನ್ನ ಮುಖ ನೋಡಿದ್ರು, ನಾನು ಎಂತದೋ ಅಸಹ್ಯ ಹೇಳಿದ ಹಾಗೆ. "ಎಲೆ ಮುಂದೆ ಕೂತವರ ಹತ್ರ ಚೀಟಿ ಕೇಳುದಾ? ಅದು ಹೋಟೆಲಿನಲ್ಲಿ. ಇದು ಪಂಕ್ತಿ."

ನನ್ನ ಅಣ್ಣನಿಗೆ ಬಿಲ್ಲು ಕೊಟ್ಟ ಮನುಷ್ಯ ಹೇಳುವ ಮಾತಾ ಇದು? ಆದ್ರೆ ಸತ್ಯ ಹೇಳ್ತೇನೆ, ನಾನೂ ಹೋಗಿ ಕೇಳಲಿಲ್ಲ. ಹೋದೆ, ಆ ಅಜ್ಜಿಯ ಮುಂದೆ ಬಗ್ಗಿದೆ, ಬಾಯಿ ತೆರೆದೆ, "ಉಪ್ಪಿನಕಾಯಿ ಬಂತಾ ಅಮ್ಮ?" ಅಂತ ಕೇಳಿ ಬಂದೆ.

ಅಷ್ಟರಲ್ಲಿ ಜನ ಬರ್ಲಿಕ್ಕೆ ಶುರು. ಸಾಲಿಟ್ಟು ಬಂದ್ರು. ನಮ್ಮ ಹ್ಯಾಂಡ್‌ಬಿಲ್ಲಿಗೆ ಇಷ್ಟು ಶಕ್ತಿ ಉಂಟಾ ಅಂತ ನನಗೇ ಆಶ್ಚರ್ಯ. ಆಮೇಲೆ ಗೊತ್ತಾಯ್ತು, ಬಾಳೆ ಎಲೆ ಇಳಿಸುದನ್ನು ನೋಡಿದ ನಮ್ಮ ವಾಚ್‌ಮನ್ ಗೇಟಿನಲ್ಲಿ ನಿಂತು ಹೋಗುವವರಿಗೆ ಬರುವವರಿಗೆ, "ಊಪರ್ ಭಂಡಾರಾ ಹೈ, ಜಾಓ ಜಾಓ" ಅಂತ ಕಳಿಸ್ತಾ ಇದ್ದ. ಭಂಡಾರಾ ಅಂದ್ರೆ ಗೊತ್ತಲ್ಲ, ದೇವರ ಹೆಸರಲ್ಲಿ ಧರ್ಮದ ಊಟ. ಗೇಟಿನ ಎದುರಿನ ರಿಕ್ಷಾ ಸ್ಟ್ಯಾಂಡಿಗೆ ರಿಕ್ಷಾ ಸ್ಟ್ಯಾಂಡೇ ಎದ್ದು ಬಂತು, ಕೈಕಾಲು ತೊಳೆದು, ತಲೆಗೆ ಕರವಸ್ತ್ರ ಕಟ್ಟಿ, ಭಕ್ತಿಯಿಂದ. ಎರಡನೇ ಮಾಳಿಗೆಯ ಮರಾಠಿ ಹೆಂಗಸು ತೆಂಗಿನಕಾಯಿ ತಂದು, "ಮೂರ್ತಿ ಎಲ್ಲಿ?" ಅಂತ ಹುಡುಕಿ, ಎಲ್ಲಿಯೂ ಕಾಣದೆ ಕಾಯಿಯನ್ನು ಇವರ ಟೇಬಲಿನ ಮೇಲೆ ಇಟ್ಟು ಇವರಿಗೇ ನಮಸ್ಕಾರ ಮಾಡಿ ಒಳಗೆ ಹೋದ್ಳು. ಕೂಪನ್ ಕೊಂಡುಕೊಂಡೇ ಬಂದ ನಾಲ್ಕಾರು ಸಜ್ಜನರು ಅದನ್ನು ಯಾರಿಗೆ ಕೊಡುದು ಅಂತ ಗೊತ್ತಾಗದೆ ಜೇಬಿಗೇ ಹಾಕಿಕೊಂಡ್ರು. ರಶ್ಮಿ ನನ್ನ ಕಿವಿಯ ಹತ್ರ ಬಂದು, "ಮಮ್ಮಿ, ಯೇ ಫಂಡ್‌ರೈಸರ್ ಹೈ ಯಾ ಮಾಮಾ ಕೀ ಶಾದಿ?" ಅಂದ್ಳು.

ಇಲ್ಲಿಗೆ ನಿಂತಿದ್ರೆ ನಾನು ಇದನ್ನು ಬರೀತಲೇ ಇರಲಿಲ್ಲ. ಮೊದಲ ಪಂಕ್ತಿಗೆ ಪಾಯಸ ಬಂತು, ಮಜ್ಜಿಗೆ ಬಂತು. ಆಗ ಭಟ್ರು ಸೌಟು ಹಿಡಿದು ಹಾಲ್‌ನ ನಡುವೆ ನಿಂತು, ಜೀವಮಾನವಿಡೀ ಪ್ರತಿ ಎಲೆ ಊಟದಲ್ಲಿ ಕೇಳಿದ್ದನ್ನೇ ಆ ದಿನವೂ ಕೇಳಿದ್ರು, ಗಟ್ಟಿ ಸ್ವರದಲ್ಲಿ. "ದಕ್ಷಿಣೆ ಆಯ್ತಾ?"

ಬೇಲಾಪುರದ ಅಜ್ಜ ಎಲೆಯಿಂದ ತಲೆ ಎತ್ತಿ ಕಾದ್ರು. ಅವರನ್ನು ನೋಡಿ ಪಕ್ಕದವರೂ ತಲೆ ಎತ್ತಿದ್ರು. ತುಂಬಿದ ಪಂಕ್ತಿ, ಎಲ್ಲರ ಕಣ್ಣೂ ಬಾಗಿಲ ಕಡೆ.  ಇವರು ಎದ್ದು, ಬೈರಾಸು ಸರಿ ಮಾಡಿ, ಹತ್ತು ರೂಪಾಯಿಯ ಕಟ್ಟು ಹರಿದು, ಅಜ್ಜನಿಗೆ ಒಂದು ನೋಟು ಕೊಟ್ಟು ಕೈ ಮುಗಿದ್ರು. ಅಜ್ಜನಿಗೆ ಮಾತ್ರ ಕೊಟ್ಟು ಬರಬಹುದಿತ್ತು. ಬರಲಿಲ್ಲ. ಪಕ್ಕದವನಿಗೆ, ಅವನ ಪಕ್ಕದವನಿಗೆ, ರಿಕ್ಷಾದವರಿಗೆ, ತೆಂಗಿನಕಾಯಿ ಹೆಂಗಸಿಗೆ, ಅವಳ ತೊಡೆಯ ಮೇಲಿನ ಮಗುವಿಗೆ. ನಾನು ಹಿಂದಿನಿಂದ ಅಂಗಿ ಎಳೆದೆ. "ಪಂಕ್ತಿಭೇದ ಮಾಡ್ಲಿಕ್ಕಾಗ್ತದಾ?" ಅಂದ್ರು, ತಿರುಗದೆ. ಕಟ್ಟು ಮುಗಿದದ್ದೇ ಡಬ್ಬಿಗೆ ಕೈ ಹಾಕಿದ್ರು. ರಿಕ್ಷಾ ಸ್ಟ್ಯಾಂಡಿನ ಯಜಮಾನನ ಹಾಗಿದ್ದ ಬಬನ್ ಭಾವು ನೋಟನ್ನು ತಿರುಗಿಸಿ ನೋಡಿ ಪಕ್ಕದವನಿಗೆ, "ಖಾನಾ ಭೀ, ಪೈಸಾ ಭೀ? ಕಾಮ್ ಕ್ಯಾ ಹೈ?" ಊಟವೂ ದುಡ್ಡೂ ಕೊಡ್ತಾರೆ, ಕೆಲಸ ಎಂತದು ಅಂತ ಕೇಳಿದ್ದು ನನಗೆ ಕೇಳಿಸ್ತು. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಕಡೆಯ ಪಂಕ್ತಿ ಕೂರುವಾಗ ಸುಲಭಾ ಕಾಕು ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿದ್ರು. ಖಾಲಿ. ಮುಚ್ಚಳ ಹಾಕಿದ್ರು. ಬೈದಿದ್ರೆ ನಾನು ಉಳೀತಿದ್ದೆ. ಬೈಯಲಿಲ್ಲ. ಕಿಟಕಿಯಲ್ಲಿ ಒಮ್ಮೆ ಗುಡ್ಡ ನೋಡಿದ್ರು, ಪಂಕ್ತಿ ನೋಡಿದ್ರು, ಭಟ್ರ ಹತ್ರ ಹೋಗಿ, "ಇವರು ಯಾವಾಗ ಏಳ್ತಾರೆ?" ಅಂತ ಕೇಳಿದ್ರು. ಭಟ್ರು, "ಎಲ್ಲರದ್ದೂ ಮುಗಿಯುವ ತನಕ ಒಬ್ಬರೂ ಏಳುವ ಹಾಗಿಲ್ಲ, ನಾನು ಏಳ್ಲಿಕ್ಕೆ ಬಿಡುದಿಲ್ಲ" ಅಂದ್ರು. "ಹಾಗಾದ್ರೆ ಮಜ್ಜಿಗೆ ನಿಧಾನಕ್ಕೆ ಬರಲಿ" ಅಂದ್ರು ಕಾಕು. ಮತ್ತೆ ಸೀಟಿಯ ದನಿಯಲ್ಲಿ ಶುರು ಮಾಡಿದ್ರು. ಕೂತವರಿಗೂ, ಉಂಡು ಬಾಗಿಲಲ್ಲಿ ಎಲೆಯಡಿಕೆ ಹಾಕ್ತಾ ನಿಂತವರಿಗೂ ಕೇಳುವ ಹಾಗೆ. ಈ ಗುಡ್ಡದ ಹುಲ್ಲು ಹೋಳಿಗೆ ಮುಂಚೆ ಕೊಯ್ಯಬೇಕು, ಕೂಲಿಯವರನ್ನು ತರ್ಲಿಕ್ಕೆ ದುಡ್ಡಿಲ್ಲ, ಬರುವ ಆದಿತ್ಯವಾರ ಬೆಳಿಗ್ಗೆ ಯಾರಿಗೆ ಕೈ ಉಂಟೋ ಅವರು ಬುಡಕ್ಕೆ ಬನ್ನಿ. ಮರಾಠಿಯಲ್ಲಿ ಹೇಳಿದ್ರು, ಹಿಂದಿಯಲ್ಲಿ ಹೇಳಿದ್ರು. ಮಜ್ಜಿಗೆ ಬಡಿಸುವವ ಬಿಂದು ಬಿಂದು ಬಡಿಸಿದ. ಅಷ್ಟು ಹೊತ್ತು ಅಷ್ಟು ಜನ ಕದಲದೆ ಕೂತು ಭಾಷಣ ಕೇಳಿದ್ದನ್ನು ನಾನು ಎಲ್ಲಿಯೂ ನೋಡಿಲ್ಲ. ಎದ್ದು ಹೋಗುವಾಗ ನಮ್ಮ ಕಡೆಯವರೆಲ್ಲ ಪಾಯಸಕ್ಕೆ ಏಲಕ್ಕಿ ಚೂರು ಕಮ್ಮಿ ಆಯ್ತು ಅಂತ ಹೇಳಿಹೋದ್ರು. ಗುಡ್ಡದ ವಿಷಯ ಒಬ್ಬರೂ ಎತ್ತಲಿಲ್ಲ.

ಆ ವಾರ ನಾನು ಲಿಫ್ಟು ಬಿಟ್ಟು ಮೆಟ್ಟಿಲಲ್ಲಿ ಓಡಾಡಿದೆ, ಕಾಕು ಸಿಗದಿರಲಿ ಅಂತ. ಆದಿತ್ಯವಾರ ಬೆಳಿಗ್ಗೆ ಉದ್ದಿನಬೇಳೆ ರುಬ್ತಾ ಇದ್ದೇನೆ, ಫೋನು. "ನಿನ್ನ ಜನ ಬಂದಿದ್ದಾರೆ, ನೀನೆಲ್ಲಿ?" ಕೈ ಒರೆಸಿಕೊಂಡು ಓಡಿದೆ. ಗುಡ್ಡದ ಬುಡದಲ್ಲಿ ರಿಕ್ಷಾಗಳು ಸಾಲಾಗಿ ನಿಂತಿವೆ. ರಿಕ್ಷಾದವರೆಲ್ಲ ಪ್ಯಾಂಟು ಮಡಚಿ, ಕೈಯಲ್ಲಿ ಕುಡುಗೋಲು. ನಾನು ಬಬನ್ ಭಾವುವನ್ನು ಕೇಳಿದೆ, ಹೇಗೆ ಬಂದ್ರಿ ಅಂತ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. "ಭಾಭೀ, ಬಯಾನಾ ಲಿಯಾ ಹೈ ನಾ. ಜೇಬ್ ಮೇ ಡಾಲಾ ತೋ ಆನಾ ಪಡ್ತಾ ಹೈ."

ಬಯಾನಾ ಅಂದ್ರೆ ಮುಂಗಡ. ಕೆಲಸಕ್ಕೆ ಮೊದಲು ಕೈಗಿಟ್ಟ ದುಡ್ಡು, ಅದನ್ನು ಮುಟ್ಟಿದ ಮೇಲೆ ಬರದಿದ್ರೆ ಮರ್ಯಾದೆ ಹೋಯ್ತು. ಇವರು ಕೈ ಮುಗಿದು ದಕ್ಷಿಣೆ ಕೊಟ್ಟಿದ್ರು. ಅವರು ಕೂಲಿಯ ಮುಂಗಡ ತಗೊಂಡಿದ್ರು. ಕೆಲಸ ಎಂತದು ಅಂತ ಗೊತ್ತಿಲ್ಲದೆ ಕಾಯ್ತಾ ಇದ್ದಾಗ ಕಾಕು ಭಾಷಣ ಮಾಡಿ ಅದನ್ನೂ ಹೇಳಿಬಿಟ್ಟಿದ್ರು. ನಾನು, ಅಲ್ಲ, ಅದು ಹಾಗಲ್ಲ, ನಮ್ಮಲ್ಲಿ ಉಂಡವರಿಗೆ ಕೊಡುವ ಪದ್ಧತಿ ಅಂತ ವಿವರಿಸ್ಲಿಕ್ಕೆ ಬಾಯಿ ತೆರೆದೆ. ಕಾಕು ನನ್ನ ಕಾಲು ಗಟ್ಟಿ ತುಳಿದ್ರು. ಬಬನ್ ಭಾವು ಮುಂದುವರಿಸಿದ, "ಖಾನಾ ಕಿತ್ನೇ ಬಜೇ? ವೋ ಮೀಠಾ ಭೀ ಹೋಗಾ ನಾ?" ಊಟ ಎಷ್ಟು ಗಂಟೆಗೆ, ಆ ಪಾಯಸವೂ ಉಂಟಲ್ಲ ಅಂತ ಕೇಳಿದ್ದು. ನಾನು ಬದಿಗೆ ಹೋಗಿ ಇವರಿಗೆ ಫೋನ್ ಮಾಡಿದೆ, ಮಧ್ಯಾಹ್ನ ಊಟ ಬೇಕಂತೆ ಅಂತ. ಇವರು ಯಾಕೆ, ಯಾರಿಗೆ, ದುಡ್ಡು ಯಾರು ಕೊಡುದು, ಒಂದೂ ಕೇಳಲಿಲ್ಲ. "ಎಷ್ಟು ಎಲೆ?" ಅಂತ ಮಾತ್ರ ಕೇಳಿದ್ರು.

ನಮ್ಮ ಬಿಲ್ಡಿಂಗಿನಿಂದ ಬಂದದ್ದು ಗಂಗಕ್ಕ ಒಬ್ಬಳೇ, ನನ್ನ ಹಳೆ ಸೀರೆ ಸೊಂಟಕ್ಕೆ ಬಿಗಿದು. ಅಲ್ಲಿ ನಿಂತು ನನಗೆ ಒಂದು ವಿಷಯ ಹೊಳೀತು. ಇಷ್ಟು ತಿಂಗಳು ಗುಡ್ಡ ಉಳಿಸಿ, ಗುಡ್ಡ ಉಳಿಸಿ ಅಂತ ಕಂಡಕಂಡವರ ಬಾಗಿಲು ಬಡಿದವಳು ನಾನು, ಗುಡ್ಡಕ್ಕೆ ಕಾಲಿಟ್ಟದ್ದು ಅವತ್ತೇ ಮೊದಲು. ಹತ್ತುವಷ್ಟರಲ್ಲಿ ಮೂರು ಸಲ ಕೂತೆ. ಗಂಗಕ್ಕ, "ಏಳ್ರಿ ವೈನಿ, ಇನ್ನ ಗುಡ್ಡ ಶುರುನ ಆಗಿಲ್ಲ" ಅಂದ್ಳು. ಮೇಲೆ ಹೋಗಿ ಕುಡುಗೋಲು ಹಿಡಿದೆ. ಎಲ್ಲರೂ ಕೊಯ್ತಾ ಇದ್ದಾರೆ, ನಾನೂ ಜೋಶಿನಲ್ಲಿ ಕೊಯ್ದೆ. ಒಂದು ಗಟ್ಟಿ ಹುಲ್ಲು ಬಗ್ಗಲೇ ಇಲ್ಲ, ಎರಡು ಕೈಯಲ್ಲಿ ಹಿಡಿದು ಎಳೆದು ಕತ್ತರಿಸಿದೆ.  ಅದು ಹುಲ್ಲಲ್ಲ, ಹೊಂಗೆ ಸಸಿ. ಮೂರನೇ ಸಲ ನೆಟ್ಟು ಕಾಕು ಕಾದು ಬೆಳೆಸಿದ್ದು. ಅವರು ನನ್ನ ಕೈಯಿಂದ ಕುಡುಗೋಲು ತಗೊಂಡು, ಶಾಲೆಯಲ್ಲಿ ತುಂಟ ಹುಡುಗಿಯರಿಗೆ ಹೇಳುವ ಹಾಗೆ, "ನೀನು ಕೆಳಗೆ ಹೋಗಿ ಎಲೆ ತೊಳಿ" ಅಂದ್ರು.

ಮತ್ತೆ ನಾಲ್ಕೈದು ಆದಿತ್ಯವಾರ ಹಾಗೇ ನಡೀತು, ಮೇಲೆ ಕೊಯ್ಲು, ಕೆಳಗೆ ಪಂಕ್ತಿ. ರಿಕ್ಷಾದವರು ಪಾಯಸದ ಸುದ್ದಿ ಹಬ್ಬಿಸಿದ್ರು, ಕಳಂಬೋಲಿಯಿಂದ ಹಮಾಲರೂ ಕೆಲವರು ಬಂದ್ರು. ಭಟ್ರು ಊಟದ ಕೊನೆಗೆ ದಕ್ಷಿಣೆ ಕೇಳುದನ್ನು ಬಿಡಲಿಲ್ಲ, ಇವರು ಕೊಡುದನ್ನೂ ಬಿಡಲಿಲ್ಲ. ಈಗ ಒಂದೊಂದು ರೂಪಾಯಿ, ಆದ್ರೂ ಬಯಾನಾ ಬಯಾನಾವೇ, ಮುಂದಿನ ವಾರ ಬರಲೇಬೇಕು. ಹೋಳಿಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಲ್ಲಿ ಹೊಗೆ ಕಂಡಿತು. ಬಿಲ್ಡಿಂಗಿಗೆ ಬಿಲ್ಡಿಂಗೇ ಗ್ಯಾಲರಿಯಲ್ಲಿ. ನಾನು ನಾಲ್ಕನೇ ಮಾಳಿಗೆಗೆ ಹತ್ತಿ ಹೋಗಿ ಕಾಕುವಿನ ಬದಿಯಲ್ಲಿ ನಿಂತೆ. ಬೆಂಕಿ ಆ ಬದಿಯಿಂದ ಗೆರೆಯ ಹಾಗೆ ಬಂತು, ಕೊಯ್ದ ಬಯಲಿಗೆ ಮುಟ್ಟಿತು, ಅಲ್ಲಿ ತಿನ್ನಲಿಕ್ಕೆ ಏನೂ ಸಿಗದೆ ಸಪ್ಪಗಾಯ್ತು. ಮೇಲಿನ ಮೂಲೆಯಲ್ಲಿ ಮಾತ್ರ ಗಾಳಿಗೆ ಹಾರಿ ಒಳಗೆ ನುಗ್ಗಿತು, ಅಲ್ಲಿ ಸ್ವಲ್ಪ ಸಸಿ ಹೋಯ್ತು. ಉಳಿದದ್ದು ಹಸಿರಾಗೇ ನಿಂತಿತ್ತು, ಕಪ್ಪಿನ ನಡುವೆ. ಕಾಕು ಸುಟ್ಟ ಮೂಲೆಯನ್ನೇ ನೋಡ್ತಾ ಇದ್ರು. ಬಿಟ್ಟೆ ಅಂತಾರೇನೋ ಅಂತ ನನಗೆ ಹೆದರಿಕೆ. ಕೊನೆಗೆ ಮೂಗು ಒರೆಸಿಕೊಂಡು, "ಮೇಲೆ ಅಗಲ ಸಾಕಾಗ್ಲಿಲ್ಲ. ಮುಂದಿನ ವರ್ಷ ಸಂಕ್ರಾಂತಿ ಕಳೆದ ಕೂಡ್ಲೇ ಶುರು ಮಾಡ್ಬೇಕು, ಭಟ್ರಿಗೆ ಈಗಲೇ ಹೇಳಿಡು" ಅಂದ್ರು.

ಈಗ ಆ ಸಸಿಗಳೆಲ್ಲ ನನ್ನ ತಲೆಗಿಂತ ಎತ್ತರ. ಎಲ್ಲಿಯಾದ್ರೂ ನಮ್ಮವರ ಕಾರ್ಯಕ್ರಮಕ್ಕೆ ಹೋದ್ರೆ "ಗುಡ್ಡ ಉಳಿಸಿದವರು" ಅಂತ ನನ್ನನ್ನು ಮುಂದಿನ ಸಾಲಲ್ಲಿ ಕೂರಿಸ್ತಾರೆ, ಒಮ್ಮೆ ಶಾಲು ಕೂಡ ಹೊದಿಸಿದ್ರು. ನಾನು ಬೇಡ ಅನ್ನಲಿಲ್ಲ. ಆ ವರ್ಷ ಬೆಂಕಿಗೆ ಮೊದಲೇ ಗುಡ್ಡದಲ್ಲಿ ಸತ್ತ ಒಂದೇ ಒಂದು ಗಿಡ ನನ್ನ ಕೈಯದ್ದು ಅಂತ ಗೊತ್ತಿರುವವರು ಸಭೆಯಲ್ಲಿ ಯಾರೂ ಇರಲಿಲ್ಲ, ಗಂಗಕ್ಕ ಒಬ್ಬಳನ್ನು ಬಿಟ್ಟು, ಅವಳ ಬಾಯಿಗೆ ನಾನು ಹೋಳಿಗೆ ತುಂಬಿಸಿದ್ದೆ. ಸರಿ, ನನ್ನದು ಹೇಳಿಯಾಯ್ತು. ಈಗ ನಿಮ್ಮ ಸರದಿ. ಒಳ್ಳೆ ಕೆಲಸಕ್ಕೆ ದುಡ್ಡು ಎತ್ಲಿಕ್ಕೆ ಹೋಗಿ ನೀವು ಮಾಡಿಕೊಂಡ ಫಜೀತಿ ಕೆಳಗೆ ಕಾಮೆಂಟಿನಲ್ಲಿ ಬರೀರಿ, ಉದ್ದ ಆದ್ರೂ ಅಡ್ಡಿಲ್ಲ. ಲಾಭ ಆದ ಕಥೆ ಮಾತ್ರ ಬೇಡ, ಅದರಲ್ಲಿ ರುಚಿ ಇಲ್ಲ. ಆದ್ರೆ ಖಾರ್ಘರ್, ಕಳಂಬೋಲಿ ಹತ್ತಿರದವರು ಬರೆಯುವ ಮುಂಚೆ ಸ್ವಲ್ಪ ಆಲೋಚನೆ ಮಾಡಿ. ನಮ್ಮ ಇವರು ಒಂದೊಂದು ಕಾಮೆಂಟನ್ನೂ ಓದ್ತಾರೆ, ಹತ್ತಿರದವರು ಅಂತ ಗೊತ್ತಾದ್ರೆ ಊಟಕ್ಕೆ ಕರೀತಾರೆ, ಊಟದ ಕೊನೆಗೆ ನಿಮ್ಮ ಕೈಗೆ ಒಂದು ರೂಪಾಯಿ ಇಡ್ತಾರೆ. ಆಮೇಲೆ ನನ್ನನ್ನು ಬೈಬೇಡಿ.